ತೊಳೆಯದ ಮರಿಗೆ

ನಮ್ಮ ಮನೆಯ ಮರಿಗೆಯನ್ನು ತೊಳೆಯುವುದಿಲ್ಲ.
ನುರ್ಮೆಸ್ಸಿನಲ್ಲಿ ಯಾವ ಮುದುಕಿಯನ್ನಾದರೂ ಕೇಳಿ,
ರೈ ಹಿಟ್ಟಿನ ಮರಿಗೆಗೆ ಸೋಪು ತೋರಿಸಬಾರದು.
ಒಳಗೋಡೆಗೆ ಹತ್ತಿ ಒಣಗಿದ ಹಳೆಯ ಹಿಟ್ಟೇ
ಮುಂದಿನ ರೊಟ್ಟಿಗೆ ಹೆಪ್ಪು.
ಆ ಪೈನ್ ಹಲಗೆಗಳ ಬಿರುಕಿನಲ್ಲಿ ನನ್ನ ಅಮ್ಮ ಇದ್ದಾಳೆ,
ಅವಳ ಅಮ್ಮನೂ ಇದ್ದಾಳೆ,
ಯುದ್ಧದ ಚಳಿಗಾಲ ಗಡಿಯಾಚೆಯ ಮನೆ ಬಿಟ್ಟು
ಹಸುವಿನ ಜೊತೆ ಗಾಡಿ ಹತ್ತಿ ಬಂದ ಹುಳಿ ಅದು.

ಬುಧವಾರ ರಾತ್ರಿ ಕಲಸಿಟ್ಟರೆ ಶುಕ್ರವಾರಕ್ಕೆ ಹದ.
ನಾಲ್ಕಕ್ಕೇ ಓಯಿವ ಏಳುತ್ತಾನೆ,
ಮೊಣಕಾಲು ಎರಡು ಸಲ ಲಟಕ್ಕೆನ್ನುತ್ತದೆ,
ಅಲ್ಲಿಗೆ ನನಗೂ ಎಚ್ಚರ.
ಅವನು ಒಲೆಗೆ, ನಾನು ಮೇಜಿಗೆ.
ಬೆಳಕಿಗೆ ಇನ್ನೂ ಐದೂವರೆ ಗಂಟೆ ಇದೆ,
ಕಿಟಕಿಯಾಚೆ ಸರೋವರ ಹೆಪ್ಪುಗಟ್ಟುತ್ತ ನರಳುತ್ತದೆ.

ಮೂವತ್ತೆರಡು ವರ್ಷ ಅಂಚೆ ಕಚೇರಿಯ ಕಿಟಕಿಯ ಹಿಂದೆ ಕೂತವಳು ನಾನು.
ಊರವರ ಸುಖದುಃಖ ತೂಗಿದೆ, ಮೊಹರು ಒತ್ತಿದೆ, ಕಳಿಸಿದೆ.
ಸಾಮಾನಿನ ಪಟ್ಟಿ ಬಿಟ್ಟರೆ
ನನ್ನದೆಂದು ಒಂದು ಸಾಲು ಬರೆದದ್ದಿಲ್ಲ.
ಎಪ್ಪತ್ತು ತುಂಬಿದಾಗ ನಾದಿನಿ ಐರಿ ಕೊಟ್ಟ ನೋಟ್‌ಬುಕ್ಕಿನಲ್ಲಿ
ಮೊದಲ ವಾಕ್ಯ: 'ಇವತ್ತು ಹಿಮ.'
ಎರಡನೆಯದಕ್ಕೆ ಹನ್ನೆರಡು ದಿನ ಹಿಡಿಯಿತು.
ಈಗ ಸಾಕೆಂದರೂ ಕೈ ಕೇಳುವುದಿಲ್ಲ,
ಉಬ್ಬಿದ ಹಿಟ್ಟು ಮುಚ್ಚಿದ ಬಟ್ಟೆಯನ್ನು
ತಲೆಯಿಂದ ಎತ್ತುವ ಹಾಗೆ.

ಕಳೆದ ವಾರ ಮರಿಗೆಯ ಕತೆ ಬರೆದೆ.
ಮದುವೆಯಾದ ಎಂಟನೆಯ ವರ್ಷ,
ಅಮ್ಮ ತೀರಿಕೊಂಡು ಮರಿಗೆ ನಮ್ಮ ಮನೆಗೆ ಬಂದ ಬೇಸಿಗೆ,
ನಾನು ಹೆರಿಗೆ ಆಸ್ಪತ್ರೆಯಲ್ಲಿ.
ಪೇಟೆಯ ಅಂಗಡಿ ರೊಟ್ಟಿ ತಿಂದು ಬೆಳೆದ ಈ ಮಹಾರಾಯ
ಮಗು ಬರುವ ಮನೆ ಲಕಲಕ ಅನ್ನಲೆಂದು
ಅದನ್ನು ತಿಕ್ಕಿ ತಿಕ್ಕಿ ತೊಳೆದು
ಬಿಸಿಲಿಗೆ ಬೋರಲು ಹಾಕಿದ್ದ.
ಮಗುವನ್ನೆತ್ತಿಕೊಂಡು ಬಾಗಿಲಲ್ಲೇ ನಿಂತೆ.
ಬೆಳ್ಳಗಿತ್ತು. ನಿಂಬೆಹಣ್ಣಿನ ವಾಸನೆ.
ಹನ್ನೊಂದು ದಿನ ಮಾತು ಬಿಟ್ಟೆ, ಎಂದು ಬರೆದೆ.
ಆಮೇಲೆ ಹಿಟ್ಟು ತಾನಾಗಿ ಹುಳಿ ಬಂತು, ಅಮ್ಮ ಬಿಟ್ಟುಹೋಗಲಿಲ್ಲ, ಎಂದೂ ಬರೆದೆ.

ಹಾಳೆ ಓಯಿವನ ಕೈಗೆ ಸಿಕ್ಕಿದೆ.
ಅಂಚಿನಲ್ಲಿ ಬಡಗಿಯ ಚಪ್ಪಟೆ ಪೆನ್ಸಿಲು:
'ಹನ್ನೊಂದಲ್ಲ, ಒಂಬತ್ತು. ಹತ್ತನೆಯ ದಿನ
ಬಾಗಿಲು ಹಾಕು, ಸೊಳ್ಳೆ, ಅಂದಿದ್ದೆ ನೀನು.'
ಪಕ್ಕದಲ್ಲಿ ಹಿಟ್ಟಿನ ಹೆಬ್ಬೆಟ್ಟು.
ಅದರ ಕೆಳಗೆ, ಇನ್ನೂ ಸಣ್ಣಕ್ಷರದಲ್ಲಿ:
'ತಾನಾಗಿ ಬರಲಿಲ್ಲ. ದೋಣಿಯಲ್ಲಿ ಆಚೆ ದಡಕ್ಕೆ ಹೋಗಿ
ಲೆಂಪಿಯ ಮನೆಯಿಂದ ಹೆಪ್ಪು ತಂದು
ರಾತ್ರಿ ಬಿರುಕಿಗೆಲ್ಲ ಬಳಿದೆ.'

ಲೆಂಪಿ!
ಒಂದು ಮೀನುಬಲೆಯ ವಿಷಯಕ್ಕೆ
ಜನ್ಮದಲ್ಲಿ ನಾನು ಮುಖ ನೋಡದವಳು.
ನಲವತ್ತನಾಲ್ಕು ವರ್ಷ ಅವಳ ಹುಳಿಯನ್ನು
ಅಮ್ಮ ಎಂದುಕೊಂಡು ಕಣ್ಣು ಮುಚ್ಚಿ ತಿಂದಿದ್ದೇನೆ.

ಹಾಗಾದರೆ ಮೇಲಿನ ಸಾಲುಗಳನ್ನು ಹೊಡೆದುಹಾಕಬೇಕು.
ಹಾಕುವುದಿಲ್ಲ.
ಮರಿಗೆಗೊಂದು ನ್ಯಾಯ, ಹಾಳೆಗೊಂದು ನ್ಯಾಯವೇ?

ಈಗ ಒಲೆಯ ಕಲ್ಲಿಗೆ ಚಿಟಿಕೆ ಹಿಟ್ಟೆಸೆದು
ಓಯಿವ ಎಣಿಸುತ್ತಿದ್ದಾನೆ.
ಹತ್ತರೊಳಗೆ ಕಪ್ಪಾದರೆ ಕಾವು ಹೆಚ್ಚು.
ಅವನ ಹತ್ತು ನನ್ನ ಹದಿನೈದು,
ಎಷ್ಟೋ ಶುಕ್ರವಾರಗಳ ಜಗಳ ಇದು,
ಸುಟ್ಟದ್ದೂ ಉಂಟು, ಒಳಗೆ ಹಸಿ ಉಳಿದದ್ದೂ ಉಂಟು,
ಎಲ್ಲವನ್ನೂ ತಿಂದು ಮುಗಿಸಿದ್ದೇವೆ.

ಬೆಂದದ್ದನ್ನು ಮುರಿದು, ಬೆಣ್ಣೆ ಸವರಿ,
ಅವನ ಕೇಳುವ ಕಿವಿಯ ಕಡೆ ಬಾಗಿ
ಇಷ್ಟನ್ನೂ ಜೋರಾಗಿ ಓದಿದೆ.
ಅಗಿಯುತ್ತ ಕೇಳಿದ. ನುಂಗಿದ.
'ಉಪ್ಪು ಸ್ವಲ್ಪ ಕಡಿಮೆ,' ಎಂದ.

ರೊಟ್ಟಿಗೋ ಇದಕ್ಕೋ ಕೇಳಲಿಲ್ಲ.
ಉಪ್ಪಿನ ಡಬ್ಬಿ ಅವನತ್ತ ತಳ್ಳಿ,
ಹೊಸ ಹಾಳೆಯ ತಲೆಗೆ ಬರೆದೆ:
ಲೆಂಪಿ.