ಬಂದ್ರ ಕರಿ

ಬ್ಯಾಡಗಿ ಮಾರ್ಕೆಟ್ಟಿನ ಎಂಟನೇ ಕಟ್ಟಿಯೊಳಗ
ತೂಕದ ಯಂತ್ರಕ್ಕ ನಾಲಿಗಿ ಐತಿ,
ಕಂಪ್ಯೂಟರಿಗೆ ಕಿವಿ ಐತಿ,
ನಡುವ ಒಂಬತ್ತು ಪಿನ್ನಿನ ಒಂದು ಕೇಬಲ್ಲು.
ಖರೆ, ಮಾತು ಹರದ ಬರತಿತ್ತು.

ನಲವತ್ಮೂರೂವರಿ ಕಿಲೊ ಅಂತ ಅದು ಅಂದ್ರ
ಚೀಟಿ ಮ್ಯಾಲ ಮೂರೂವರಿ.
ಹೊನ್ನತ್ತಿಯ ಫಕ್ಕೀರವ್ವ ಚೀಟಿ ತಿರುವ್ಯಾಡಿ ನೋಡಿ
"ನನ್ನ ಚೀಲದಾಗಿನ ನಲವತ್ತು ಯಾರು ತಿಂದ್ರು?" ಅಂದಳು.

ಹಳೇ ಡ್ರೈವರ್ ತೆರದೆ. ಮೊದಲ ಸಾಲಿನಾಗ ಟಿಪ್ಪಣಿ:
ಶೇಷಾಚಲ, ಐಟಿಐ, ದೀಪಾವಳಿ ಅಮಾಸಿ, ರಾತ್ರಿ ಎರಡು.
ಕೆಳಗ ಒಂದು ಕುಣಿಕಿ, ಗಾಣದ ಎತ್ತಿನಂಗ ಸುತ್ತಿ ಕೇಳತಿತ್ತು
ಬಂತೇನು? ಇಲ್ಲ. ಬಂತೇನು? ಇಲ್ಲ. ಬಂತೇನು?
ಪ್ರಿಂಟರ್ ಕಿರ್ ಅನ್ನುವಾಗ ಮಾತ್ರ
ಆ ಕಡೆ ಹೊಳ್ಳಿ ನಿಲ್ಲತಿತ್ತು.
ಅಷ್ಟರಾಗ ಒಂದು ಅಂಕಿ ಬಾಗಲಿಗೆ ಬಂದು,
ಬೆನ್ನಿಗೇ ಬಂದ ಇನ್ನೊಂದು ಅದನ್ನ ತುಳದು.

ನಾ ಬರಿಯೂ ಹೊತ್ತಿನ್ಯಾಗ ಹಿಂದ ಗುಮಾಸ್ತ ಮಡಿವಾಳಪ್ಪ:
"ಆತೇನ್ರೀ ಮೇಡಂ?"
ಐದು ಮಿನಿಟಿಗೊಮ್ಮೆ, "ಆತೇನ್ರೀ?"
"ಹೋಗಿ ಗಿರ್ಮಿಟ್ ತಿನ್ರಿ. ಆದ್ರ ಕರೀತೀನಿ."
ಅಂದ ಮ್ಯಾಲ ನನಗ ನಗು ಬಂತು.
ಡ್ರೈವರಿಗೂ ಹೇಳಬೇಕಾದ್ದು ಇಷ್ಟ.

ಹೊರಗ ಮೌಲಾಸಾಬ ಚೀಲ ಎಣಸತಿದ್ದ.
ಹದಿನಾರು, ಹದಿನೇಳು,
ಮೆಣಸಿನಕಾಯಿ ಘಾಟಿಗೆ ಮೈಯೆಲ್ಲಾ ನಡುಗೂವಂಗ ಒಂದು ಸೀನು,
ಹೆಗಲ ಮ್ಯಾಲಿನ ವಸ್ತ್ರದಿಂದ ಮೂಗು ಒರಿಸಿಕೊಂಡು
ಹದಿನೆಂಟು.

ಹಂಗ ಬರದೆ.
ಎಲ್ಲಿದ್ದಿ ಅನ್ನೂದು ಗುರುತಿಡು,
ಬಂದ ಅಂಕಿ ಎತ್ತಿ ಸಾಲಿನಾಗ ಇಡು,
ಹೊಸ್ತಿಲದಾಗ ನಿಂತು ಹರಟಿ ಬ್ಯಾಡ,
ಹೊಳ್ಳಿ ಹೋಗು.

ಮೊದಲ ಸಲ ಯಂತ್ರ ಸೆಟದ ನಿಂತಿತು.
ಗಂಟಿ ಕೇಳಿಸಿತು ಅಂತ ಗಂಟಿಗೆ ನಾ ಹೇಳಿರಲಿಲ್ಲ,
ಅದು ಬಾರಿಸಿಕೋತನ ಇತ್ತು.
ಆ ಒಂದು ಸಾಲು ಸಿಗಾಕ ಮಧ್ಯಾಹ್ನ ಎರಡಾತು,
ಡಬ್ಬಿಯ ರೊಟ್ಟಿ ಡಬ್ಬಿಯೊಳಗ ಉಳೀತು.

ನಾಲ್ಕಕ್ಕ ಫಕ್ಕೀರವ್ವನ ಚೀಲ ಮತ್ತ ಏರಿಸಿದರು.
ಬೇಕಂತ ಪ್ರಿಂಟರ್ ಚಾಲೂ ಇಟ್ಟೆ.
ನಲವತ್ಮೂರೂವರಿ.
ಆಕಿ ಚೀಟಿ ಕುಬಸದಾಗ ಇಟ್ಟುಕೊಂಡು ಹೋದಳು, ಮಾತಿಲ್ಲ.
ಶೇಷಾಚಲನ ಹೆಸರು ಅಳಸಲಿಲ್ಲ ನಾನು,
ಎರಡು ಗಂಟಿ ರಾತ್ರಿ ಎಂಥಾದ್ದು ನನಗೂ ಗೊತ್ತು.

ಆತು ಅಂತ ಹೇಳಾಕ ಮಡಿವಾಳಪ್ಪಗ ಫೋನ್ ಹಚ್ಚಿದೆ.
ಕೀಬೋರ್ಡಿನ ಬಾಜೂಕ, ರಸೀದಿ ಕಟ್ಟಿನ ಕೆಳಗ,
ಅವನ ಫೋನ್ ಬಡಕೊಳ್ಳಾಕ ಹತ್ತಿತು.