ಎಡಮಗ್ಗುಲು

ಡೆನೀಸ್ ನರ್ಸು ಹೇಳಿಕೊಟ್ಟದ್ದು ಮೂರೇ ಮಾತು:
ಎಡಕ್ಕೆ ಮಲಗು, ಮೊಣಕಾಲು ಮಡಿಸು, ಅವಸರ ಬೇಡ.
ಉಳಿದದ್ದನ್ನು ನಾನೇ ಕಲಿತೆ
ಹಲ್ ಊರಿನ ಈ ಸಾಲುಮನೆಯಲ್ಲಿ.
ಮಹಡಿಯ ಮೇಲೆ ಹಾಸಿಗೆ;
ಕೆಳಗೆ, ಅಡುಗೆಮನೆಯನ್ನೂ ದಾಟಿ,
ಹಿತ್ತಿಲ ಕಡೆಯ ಚಳಿಯಲ್ಲಿ ಕಕ್ಕಸು.
ನಡುವೆ ಹದಿಮೂರು ಮೆಟ್ಟಿಲು.
ಮೊದಲ ವಾರ ಎಣಿಸಿದ್ದು ನಿಮಿಷಗಳನ್ನಲ್ಲ, ಅವನ್ನೇ.

ಬಾಟಲಿ ತಣ್ಣಗಿದ್ದರೆ ಐದು ನಿಮಿಷ.
ಕರುಳಿಗೂ ಈ ದೇಶದ ಚಳಿ ಒಗ್ಗಿಲ್ಲ,
ಇಪ್ಪತ್ತಾರು ವರ್ಷವಾದರೂ.
ಬಿಸಿನೀರಿನ ಚೊಂಬಿನಲ್ಲಿ ನಿಲ್ಲಿಸಿ,
ಕೂಸಿನ ಹಾಲು ನೋಡುವ ಹಾಗೆ
ಮುಂಗೈಗೆ ಒತ್ತಿ ನೋಡಿ ಕೊಟ್ಟರೆ, ಇಪ್ಪತ್ತು.
ರಾತ್ರಿ ಹುರುಳಿಕಾಳಿನ ಉಸಲಿ ತಿಂದಿದ್ದರೆ ಎರಡು.
ಕೆಮ್ಮು ಬಂದರೆ ಆ ಲೆಕ್ಕವೂ ಇಲ್ಲ.
ಗಬಕ್ಕನೆ ಹಿಂಡಿದರೆ ಗಬಕ್ಕನೆ ವಾಪಸು.
ನಿಂಬೆಹಣ್ಣು ಹಿಂಡುವ ಕೈಯಲ್ಲ ಇದಕ್ಕೆ,
ರಂಗೋಲಿ ಪುಡಿ ಬಿಡುವ ಕೈ ಬೇಕು.

ಹಾಲಿನ ಲೆಕ್ಕದ ಹಳೇ ಪುಸ್ತಕದಲ್ಲಿ
ಎಲ್ಲ ಬರೆದಿಡುತ್ತೇನೆ.
ಸೊಂಟದಡಿ ಒಂದು ದಿಂಬು: ಹದಿನೆಂಟು.
ಎರಡು ದಿಂಬು: ಮೂವತ್ತು, ಕತ್ತು ನೋವು.
ಶಾಲೆಯ ಅಡುಗೆಮನೆಯಲ್ಲಿ ದಿನವಿಡೀ ನಿಂತು
ಮುನ್ನೂರು ತಟ್ಟೆಗೆ ಆಲೂಗಡ್ಡೆ ಬಡಿಸಿದ ದಿನ: ಏಳು.
ಇವರು ಬಾಗಿಲಲ್ಲಿ ಇಣುಕಿ
‘ಏನದು, ಸಾಸಿನ ಬಾಟಲಿಯಾ?’ ಅಂದ ದಿನ
ನಕ್ಕುಬಿಟ್ಟೆ.
ನಗು: ಒಂದೂವರೆ ನಿಮಿಷ, ಹದಿಮೂರು ಮೆಟ್ಟಿಲು,
ಒಂದು ಟವೆಲು ಕಸದ ಬುಟ್ಟಿಗೆ.

ದಾವಣಗೆರೆ ಆಸ್ಪತ್ರೆಯಲ್ಲಿ, ಹೆರಿಗೆಗೆ ಮುಂಚೆ,
ಆಯಾ ಸೋಪಿನ ನೀರು ಏರಿಸಿ
‘ತಡಕೋ ತಾಯಿ, ಸ್ವಲ್ಪ ತಡಕೋ’ ಎಂದು
ಚಹಾ ಕುಡಿಯಲು ಹೋದವಳು ಬರಲೇ ಇಲ್ಲ.
ನಾನು ತಡೆಯಲಿಲ್ಲ.
ಅವ್ವ ಆ ನೆಲ ಒರೆಸುತ್ತಲೇ ಬುದ್ಧಿ ಹೇಳಿದಳು:
ತಾಳಿದವರು ಬಾಳಿಯಾರು,
ಹೆಣ್ಣು ಎಲ್ಲಾನೂ ಹೊಟ್ಟೆಗೆ ಹಾಕ್ಕೋಬೇಕು.

ಹಾಕಿಕೊಂಡೆನಲ್ಲ ಅವ್ವಾ.
ಅತ್ತೆಯ ಮಾತು, ಓರಗಿತ್ತಿಯ ಮಾತು,
ಇವರು ಕೆಲಸ ಬಿಟ್ಟು ಕೂತ ಎರಡು ವರ್ಷ,
ಬಸ್ಸಿನಲ್ಲಿ ಯಾರೋ ಅಂದದ್ದು.
ಎಲ್ಲ ಸಲೀಸಾಗಿ ನಿಂತಿತು, ಒಂದು ಹನಿ ಆಚೆ ಬರಲಿಲ್ಲ.
ಈಗ ನೂರು ಎಂಎಲ್ ಔಷಧಿ,
ಅದೂ ನನ್ನ ಒಳ್ಳೆಯದಕ್ಕೇ ಬಂದದ್ದು,
ಅದು ನಿಲ್ಲುವುದಿಲ್ಲ.

ದೀಪ ಆರಿಸಿ ರೇಡಿಯೋ ಹಚ್ಚುತ್ತೇನೆ.
ನಡುರಾತ್ರಿ ದಾಟಿದ ಮೇಲೆ ಕಡಲಿನ ಹವಾಮಾನ ಓದುತ್ತಾರೆ,
ಹಡಗಿನವರಿಗೆ, ಏರಿಳಿತವಿಲ್ಲದ ದನಿಯಲ್ಲಿ:
ವೈಕಿಂಗ್, ಫಾರ್ಟೀಸ್, ಟೈನ್, ಡಾಗರ್.
ಹಂಬರ್ ಬರುವವರೆಗೆ ತಡಿ, ಅನ್ನುತ್ತೇನೆ ನನಗೆ,
ನಮ್ಮೂರಿನ ನೀರು, ಅದರ ಹೆಸರು ಬರಲಿ.
ನೈಋತ್ಯ ಗಾಳಿ, ಐದು, ಆಗಾಗ ಆರು.
ಬಂತು. ಥೇಮ್ಸ್‌ವರೆಗೆ ತಡಿ.

ಒಂದು ಬುಧವಾರ ಥೇಮ್ಸ್ ಕೇಳಿಸಲೇ ಇಲ್ಲ.
ಕಣ್ಣು ಬಿಟ್ಟಾಗ ಕಡಲಹಕ್ಕಿ ಕಿರುಚುತ್ತಿತ್ತು,
ಕಸದ ಲಾರಿ ಬೀದಿ ತಿರುಗುತ್ತಿತ್ತು.
ಟವೆಲು ಒಣಗಿದ ಹಾಗೇ ಇತ್ತು.
ಏಳು ಗಂಟೆ! ನಿಮಿಷವಲ್ಲ, ಗಂಟೆ.
ಎಡಮಗ್ಗುಲಲ್ಲೇ ಎದ್ದೆ, ಯಾರು ಏನಾದರೂ ಅನ್ನಲಿ.

ಪುಸ್ತಕ ತೆಗೆದು ಕಾರಣ ಹುಡುಕಿದೆ.
ಅದೇ ಗಂಜಿ, ಅದೇ ಚೊಂಬು, ಅದೇ ಎರಡು ದಿಂಬು.
ಹೊಸದು ಒಂದೇ: ಆ ಸಂಜೆ ಫೋನಿನಲ್ಲಿ ತಂಗಿ ಸುಗುಣ
‘ಹೇಗಿದ್ದೀಯಕ್ಕಾ’ ಅಂದಾಗ
ಚೆನ್ನಾಗಿದ್ದೀನಿ ಅನ್ನದೆ
ರಕ್ತದ ಬಗ್ಗೆ ಹೇಳಿದ್ದೆ, ಮೆಟ್ಟಿಲ ಬಗ್ಗೆ, ಟವೆಲಿನ ಬಗ್ಗೆ.
ಅವಳು ಸುಮ್ಮನಿದ್ದು,
ಆಮೇಲೆ ತನಗೂ ಎಂಟು ತಿಂಗಳಿಂದ, ಅಂದಿದ್ದಳು.

ಗುರುವಾರ ಮತ್ತೆ ಫೋನು ಮಾಡಿದೆ,
ಔಷಧಿ ಕೆಲಸ ಮಾಡಲಿ ಎಂಬ ಆಸೆಗೇ, ಸುಳ್ಳೇಕೆ.
ಮುಕ್ಕಾಲು ಗಂಟೆ ಮಾತಾಡಿದೆವು.

ಗುರುವಾರ: ಒಂಬತ್ತು ನಿಮಿಷ.
ಗಂಜಿ. ಬೆಚ್ಚಗೆ. ಎಡಕ್ಕೆ.
ಕಾರಣ: ಗೊತ್ತಿಲ್ಲ.
ಸುಗುಣಳಿಗೆ ಚೊಂಬಿನ ವಿಷಯ ಹೇಳುವುದು ಮರೆತೆ.