ಸಿತ್ರಾದ ಗೋಡೆ

ಕಾರಿನ ಗಾಜು ಎರಡು ಬೆರಳಷ್ಟೇ ಇಳಿದಿರಬೇಕು,
ಬಾವುಟ ಮಡಚಿಡಬೇಕು,
ಕಂಡದ್ದಕ್ಕೆ ವಿಶೇಷಣ ಹಚ್ಚಬಾರದು.
ದಿಲ್ಲಿಯ ಸೂಚನೆ ಇಷ್ಟು.

ಮುತ್ತಿನ ವೃತ್ತದ ಬಳಿ
ಆ ಎರಡು ಬೆರಳ ಸಂದಿಯಲ್ಲೇ ಒಳಬಂದವು
ಫೆಬ್ರವರಿಯ ಕಡಲಗಾಳಿ, ಹೊಗೆಯ ಘಾಟು,
ಕಪ್ಪು ಅಬಾಯಾದ ಮುದುಕಿಯೊಬ್ಬಳ ಕೈ,
ಕೈಯಲ್ಲಿ ಒಂದು ಹೋಳು ಈರುಳ್ಳಿ.
'ಮೂಗಿಗೆ ಹಿಡಿ ಮಗನೇ, ಉರಿ ಇಳಿಯುತ್ತದೆ.'
ಯಾವ ದೇಶದವನೆಂದು ಕೇಳಲಿಲ್ಲ.
ಶುಕ್ರನ್ ಎಂದೆ. ಅಷ್ಟೇ ಎಂದೆ.

ರಾತ್ರಿ ವರದಿ ಬರೆಯುವಾಗ
'ಜನ ಸುಮಾರು' ಎಂಬಲ್ಲಿ ಪೆನ್ನು ನಿಂತಿತು.
ಅವಳನ್ನು ಎಣಿಸಿದ್ದೆನೋ ಇಲ್ಲವೋ.

ಮಾರ್ಚ್ ಕೊನೆಗೆ ಸದ್ದಡಗಿತು.
ಕ್ಯಾಂಪಿನಲ್ಲಿ ನಮ್ಮವರ ತಲೆಯೆಣಿಸಲು ಸಿತ್ರಾಕ್ಕೆ ಹೋದೆ.
ಗೋಡೆಗೂ ಕಿವಿಯಿದೆ ಎನ್ನುತ್ತಿದ್ದಳು ನಮ್ಮಜ್ಜಿ;
ಇಲ್ಲಿಯ ಗೋಡೆಗಳಿಗೆ ಬಾಯಿಯೂ ಇತ್ತು.
ಮುಚ್ಚಿಸಲು ನಿಂತಿದ್ದ
ಇಳಕಲ್ಲಿನ ದಾವಲಸಾಬ ನದಾಫ,
ಕೈಯಲ್ಲಿ ರೋಲರು, ಕಾಲ ಬಳಿ ಬಕೆಟ್ಟು,
ಪಾಸ್‌ಪೋರ್ಟು ಕಂಪನಿಯ ಕಪಾಟಿನಲ್ಲಿ.

ಮದರಸಾದ ಅಕ್ಷರ ಮರೆತಿರಲಿಲ್ಲ ಅವನು.
ಅಳಿಸುವ ಮುಂಚೆ ಒಂದೊಂದನ್ನೂ
ಕೂಡಿಸಿ ಕೂಡಿಸಿ ಓದುವನು:
ಸಿ, ಲ್, ಮಿ, ಯ್ಯಾ.
ಆಮೇಲೆ ಬಿಳಿ ಎಳೆಯುವನು,
ನಿದ್ದೆಹೋದ ಕೂಸಿಗೆ ಚಾದರ ಎಳೆದಂತೆ.

'ಓದಾಕ ಬರ್ತೈತ್ರಿ ಸಾಹೇಬ್ರ, ತಿಳಿಯೂದಿಲ್ಲ.
ಎಲ್ಲಾ ಬೈಗುಳ ಅಂತಾನ ಫೋರ್‌ಮನ್.
ನನಗ ಇದರಾಗ ಸಲಾಮ್ ಇದ್ದಂಗ ಕೇಳ್ತೈತಿ.
ನೀವು ಅರಬ್ಬಿ ಕಲ್ತವ್ರು, ಹೌದಲ್ರಿ?'

ಹೌದು. ಅದೇ ಧಾತು, ಅವೇ ಮೂರು ವ್ಯಂಜನ.
ಕೈರೋದಲ್ಲಿ ಎರಡು ವರ್ಷ,
ಸರ್ಕಾರದ ಖರ್ಚಿನಲ್ಲಿ ಕಲಿತದ್ದು.
ಶಾಂತಿಯಿಂದ ಬಂದಿದ್ದೇವೆ, ಎಂದಿತ್ತು ಗೋಡೆ.
ಬೀದಿಯ ತುದಿಯಲ್ಲಿ ಫೋರ್‌ಮನ್,
ಅವನಾಚೆ ಜೀಪು, ಹೆಲ್ಮೆಟ್ಟುಗಳು.
'ನನಗೂ ಸರಿಯಾಗಿ ತಿಳೀತಿಲ್ಲ' ಎಂದೆ.

ದಾವಲಸಾಬ ನನ್ನ ಮುಖ ನೋಡಿದ,
ಅದನ್ನೂ ಒಂದೊಂದೇ ಅಕ್ಷರ ಕೂಡಿಸಿ.
ಇದು ಅವನಿಗೆ ತಿಳಿಯಿತು.
ಏನೂ ಅನ್ನದೆ ಬಕೆಟ್ಟಿಗೆ ನೀರು ಬೆರೆಸಿದ,
ಬೇಕಾದ್ದಕ್ಕಿಂತ ತುಸು ಹೆಚ್ಚು.

ಆ ರಾತ್ರಿ ದಿಲ್ಲಿಗೆ ಒಂದೇ ಸಾಲು:
ಪರಿಸ್ಥಿತಿ ಶಾಂತಿಯುತವಾಗಿದೆ.
ಆ ಪದಕ್ಕೆ ಆಗ ನನಗೆ ಅರ್ಥ ಗೊತ್ತಿತ್ತು.

ವಾರ ಬಿಟ್ಟು ಅದೇ ದಾರಿಯಲ್ಲಿ ಹೋದೆ.
ಬಣ್ಣ ಒಣಗಿತ್ತು.
ಬಿಸಿಲಿಗೆ ಕೈ ಅಡ್ಡ ಹಿಡಿದು ನೋಡಿದರೆ
ಬಿಳಿಯ ಒಳಗೆ ಬೂದಿ ಬಣ್ಣದ
ಸಿ, ಲ್, ಮಿ.
ಡ್ರೈವರು ಕೇಳಿದ, ನಿಲ್ಲಿಸಲೇ ಸರ್?
ಬೇಡ ಎಂದೆ.
ಗಾಜು ಮಾತ್ರ ಪೂರ್ತಿ ಇಳಿಸಿದ್ದೆ.